ಅವ್ವನ ಕೈಯಲ್ಲಿದ್ದ ಬಗಲ ಕನ್ನಡಿ

ಹುನಗುಂದ
ತಾ. ೧೪ ನವೆಂಬರ್ ೧೯೨೭, ಸೋಮವಾರ

ಪ್ರೀತಿಯ ಸಂಗಣ್ಣನಿಗೆ, ನಿನ್ನ ವೈನಿಯ ಆಶೀರ್ವಾದಗಳು.

ಮೊದಲು ನಿನ್ನ ಮೈಯ ವಿಚಾರ ಕೇಳಬೇಕು. ಹೇಗಿದ್ದೀಯಾ? ಚಳಿ ಬಿದ್ದಿತೆಂದರೆ ನಿನಗೆ ಎದೆ ಕಟ್ಟುತ್ತದೆ. ಸಣ್ಣವನಿದ್ದಾಗ ನಾನು ಅಜವಾನದ ಹೊಗೆ ಹಾಕಿದರೆ ಕಂಬಳಿಯೊಳಗಿಂದಲೇ ನನ್ನನ್ನು ಬೈಯುತ್ತಿದ್ದೆ. ಅಲ್ಲಿ ಸೊಲ್ಲಾಪುರದಲ್ಲಿ ಹೊಗೆ ಹಾಕುವವರು ಯಾರು, ಬೈಸಿಕೊಳ್ಳುವವರು ಯಾರು? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಹಾದ ಮೇಲೆಯೇ ದಿನ ಕಳೆಯುತ್ತೀಯೋ? ನಿನ್ನ ಉಣ್ಣೆಯ ಅಂಗಿ ಇಲ್ಲಿಯೇ ಉಳಿದಿದೆ. ಬಿಸಿಲಿಗೆ ಹಾಕಿ ಬೇವಿನ ಎಲೆ ಇಟ್ಟು ಮಡಚಿದ್ದೇನೆ. ನಿನ್ನ ಅಣ್ಣ ಮೈಯಿಂದ ಆರಾಮ ಇದ್ದಾರೆ. ನಾನೂ ಇದ್ದೇನೆ. ಅವ್ವನ ವಿಷಯ ಮುಂದೆ ಬರೆಯುತ್ತೇನೆ, ಗಾಬರಿಯಾಗಬೇಡ.

ನಿನ್ನ ವಿಳಾಸ ನನಗೆ ಹೇಗೆ ಸಿಕ್ಕಿತೆಂದು ನೀನು ಕಂಗಾಲಾಗುವ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಇಲಕಲ್ಲಿನ ಯಾಕೂಬಸಾಬ ನಿನಗೆ ನೆನಪಿರಬಹುದು, ದೇವರ ಪಟಗಳಿಗೆ ಗಾಜು ಕೂಡಿಸುವವನು. ಗಾಜು ತರಲು ಸೊಲ್ಲಾಪುರಕ್ಕೆ ಹೋದಾಗ ಒಂದು ನೂಲಿನ ಅಂಗಡಿಯ ಕಟ್ಟೆಯ ಮೇಲೆ ನಿನ್ನನ್ನು ಕಂಡನಂತೆ. ಹುನಗುಂದದ ದೇಸಾಯರ ಸಂಗಣ್ಣ ಅಲ್ಲವೇ ಎಂದು ಕೇಳಿದ್ದಕ್ಕೆ ನೀನು "ನಾ ಆತ ಅಲ್ಲ" ಎಂದೆಯಂತೆ. ಅವನು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕರೆದು "ಅವ್ವ ಹೆಂಗದಾಳ?" ಎಂದು ಕೇಳಿದೆಯಂತೆ. ಇದನ್ನು ಹೇಳುವಾಗ ಯಾಕೂಬಸಾಬ ನಕ್ಕನೆಂದು ನಮ್ಮ ಮೋಟಾರು ಓಡಿಸುವ ಮುರ್ತುಜಸಾಬ ಬಂದು ಹೇಳಿದ. "ಆತ ಅಲ್ಲದವ್ರು ಅವ್ವನ್ನ ಯಾಕ ಕೇಳ್ತಾರ್ರಿ, ಬಾಯಾರ?" ಎಂದ. ಹೇಳುತ್ತ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ. ನಾನು ಒಳಗೆ ಹೋಗಿ ನಿನ್ನ ಉಣ್ಣೆಯ ಅಂಗಿಯನ್ನು ಹುಡುಕಿ ತೆಗೆದೆ.

ನಾವಿಬ್ಬರೂ ಯಾವಾಗಲೂ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದೆವು. ನೀನು ಪುಣೆಯಲ್ಲಿ ಓದುವಾಗ ನಿನ್ನ ಕಾಗದದ ತಪ್ಪುಗಳಿಗೆ ನಾನು ಕೆಂಪು ಗೆರೆ ಎಳೆದು ವಾಪಸು ಕಳಿಸುತ್ತಿದ್ದೆ, ನೀನು ಸಿಟ್ಟಾಗುತ್ತಿದ್ದೆ. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಣ್ಣನೂ ಓದಲಿ ಎಂಬುದು ಒಂದು ಕಾರಣ. ಇನ್ನೊಂದು, ಮಿಷನ್ ಶಾಲೆಯಲ್ಲಿ ನನಗೆ ಕಲಿಸಿದ ಇಂಗ್ಲಿಷಿನಲ್ಲಿ ಹೂವಿನ ಮೇಲೆ, ಹವೆಯ ಮೇಲೆ, ದೇವರ ದಯೆಯ ಮೇಲೆ ಚೆನ್ನಾಗಿ ಬರೆಯಬಲ್ಲೆ. ಆದರೆ ನನ್ನ ಮಗ ರಾಚುವಿನ ಹೆಸರನ್ನು ಆ ಭಾಷೆಯಲ್ಲಿ ಬರೆಯಲು ಕೂತಾಗಲೆಲ್ಲ ಕೈ ನಿಂತುಹೋಯಿತು. ಎರಡು ಸಲ ಹರಿದು ಹಾಕಿದೆ.

ಅವ್ವನ ಮಾತಿಗೆ ಬರುತ್ತೇನೆ. ನೀನು ಹೋದ ಮೇಲೆ ಅವ್ವ ಅನ್ನ ಬಿಟ್ಟಳು. ಹಟ ಮಾಡಿ ಬಿಟ್ಟದ್ದಲ್ಲ. ತಾಟು ಮುಂದೆ ಇಟ್ಟರೆ ಮುಟ್ಟುತ್ತಾಳೆ, ಒಂದು ತುತ್ತು ಬಾಯಿಗೆ ಒಯ್ಯುತ್ತಾಳೆ, ಅದು ಗಂಟಲಿನಲ್ಲಿ ಇಳಿಯುವುದಿಲ್ಲ. ಅಂಬಲಿ, ಮಜ್ಜಿಗೆ, ಅಷ್ಟೇ. ಬಾಗಲಕೋಟೆಯಿಂದ ಡಾಕ್ಟರರು ಬಂದು ನೋಡಿದರು. ರೋಗವೇನೂ ಇಲ್ಲ, ಆದರೆ ಹೀಗೆಯೇ ನಡೆದರೆ ಮೈ ಉಳಿಯುವುದಿಲ್ಲ, ಬೇಗ ದವಾಖಾನೆಗೆ ಕರೆತನ್ನಿ ಎಂದರು. ಕಣ್ಣಿನ ಪರೆಯೂ ಬಲಿತಿದೆ. ಈಗ ಮನುಷ್ಯರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ದನಿಯ ಮೇಲಿಂದ ಗುರುತು ಹಿಡಿಯುತ್ತಾಳೆ. ಹಗಲೆಲ್ಲ ಒಳಬಾಗಿಲಿನ ಹತ್ತಿರದ ಕಟ್ಟೆಯ ಮೇಲೆ ಕೂತು, ಯಾರು ಹಾದುಹೋದರೂ ಒಂದೇ ಮಾತು ಹೇಳುತ್ತಿದ್ದಳು: "ಆ ಕನ್ನಡಿ ಗಾಡಿ ಮ್ಯಾಲ ಇದ್ದಿದ್ರ ಕೂಸು ಉಳೀತಿತ್ತು. ನಾ ಬಿಚ್ಚಿಸಿದೆ." ದನ ಕಾಯುವವರಿಗೂ ಹೇಳುತ್ತಿದ್ದಳು, ಹೂ ಕೊಡಲು ಬಂದವಳಿಗೂ ಹೇಳುತ್ತಿದ್ದಳು. ಅವರೆಲ್ಲ "ಹಂಗನಬ್ಯಾಡ್ರಿ ಅವ್ವಾರ" ಎನ್ನುತ್ತಿದ್ದರು. ನಾನೊಬ್ಬಳು ಮಾತ್ರ ಹಾಗೆ ಅನ್ನಲಿಲ್ಲ. ಇದನ್ನು ನಿನ್ನ ಅಣ್ಣ ಓದಿದರೂ ಓದಲಿ. ಅವಳಿಗೆ ಅಂಬಲಿ ಕಾಸಿ ಕೊಟ್ಟೆ, ತಲೆ ಬಾಚಿದೆ, ಕಾಲು ತಿಕ್ಕಿದೆ, ಆದರೆ ಆ ಮಾತಿಗೆ ಅಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ನಾನೂ ಹಾಗೆಯೇ ನಂಬಿದ್ದೆ. ಮಗನನ್ನು ಕಳೆದುಕೊಂಡವಳಿಗೆ ಯಾರ ಮೇಲಾದರೂ ಸಿಟ್ಟು ಇರಲೇಬೇಕೇನು? ಇದ್ದರೆ ಅದು ಎದುರಿಗೆ ಕೂತ ಮುದುಕಿಯ ಮೇಲೆಯೇ ಯಾಕೆ? ಬಹಳ ದಿನ ಕೇಳಿಕೊಂಡೆ. ಸಿಟ್ಟು ಮಾತ್ರ ಇದ್ದಲ್ಲಿಯೇ ಇತ್ತು.

ಆ ದಿನದ ವಿಷಯ ಈವರೆಗೆ ನಾವು ಮನೆಯಲ್ಲಿ ಯಾರೂ ಪೂರ್ತಿಯಾಗಿ ಮಾತಾಡಿಲ್ಲ. ಒಂದು ಸಲ ಬರೆದುಬಿಡುತ್ತೇನೆ, ನೀನೂ ಒಂದು ಸಲ ಓದಿಬಿಡು. ಶ್ರಾವಣ ಸೋಮವಾರ. ಬಾದಾಮಿ ಕಡೆಯ ಆ ಬೀಗರಾಗಬೇಕಿದ್ದವರ ಹೆಂಗಸರು ಸಂಗಮದ ದರ್ಶನಕ್ಕೆಂದು ಬಂದು ನಮ್ಮಲ್ಲಿ ಇಳಿದಿದ್ದರು, ಜೊತೆಗೆ ಹುಡುಗಿಯೂ ಇದ್ದಳು. ಗೋಷಾ ಇದ್ದವರು. ಪರಗಂಡಸು ಓಡಿಸುವ ಮೋಟಾರಿನಲ್ಲಿ ಕೂಡುವುದಿಲ್ಲ ಎಂದರು, ಆದ್ದರಿಂದ ಮುರ್ತುಜಸಾಬನನ್ನು ಬಿಟ್ಟು ನಿನ್ನನ್ನು ಓಡಿಸಲು ಹೇಳಿದ್ದು. ಮುರ್ತುಜಸಾಬ ಓಡಿಸುವಾಗ ಬಗಲ ಕನ್ನಡಿ ಅದರ ಪಾಡಿಗೆ ಅದು ಇರುತ್ತಿತ್ತು. ಅವನು ಮಾವನವರ ಕಾಲದಲ್ಲಿ ಎತ್ತಿನ ದಮಣಿ ಹೊಡೆಯುತ್ತಿದ್ದವನು, ಅವ್ವ ಅವನನ್ನು ಗಂಡಸೆಂದೇ ಎಣಿಸಿರಲಿಲ್ಲ. ಆದರೆ ನಿನಗೆ ಹೇಳಿದಳು: "ಹೆಣ್ಣ ನೋಡೂ ಶಾಸ್ತ್ರ ಆಗಿಲ್ಲ. ಅಕಿ ಹಿಂದ ಕುಂತಾಗ ನೀ ಕನ್ನಡ್ಯಾಗ ಮಾರಿ ನೋಡ್ಕೋತ ಹೋದ್ರ ಮಂದಿ ಏನಂದಾರು? ಬಿಚ್ಚು ಅದನ್ನ." ನೀನು ನಕ್ಕು, ತಿರುಪು ಬಿಚ್ಚಿ, ಕನ್ನಡಿಯನ್ನು ತಂದು ಅವಳ ಉಡಿಯಲ್ಲಿ ಇಟ್ಟು "ತಗೋ ಅವ್ವಾ, ಒಂದ ಕಣ್ಣ ಕಿತ್ತ ಕೊಟ್ಟೇನಿ, ಇನ್ನ ಸಮಾಧಾನ ಆತಿಲ್ಲೊ?" ಎಂದೆ. ಒಳಗಿದ್ದ ಹುಡುಗಿ ಕೂಡ ಕಿಸಕ್ಕನೆ ನಕ್ಕಳು. ನಾವೆಲ್ಲರೂ ನಕ್ಕೆವು. ಆ ನಗು ಈಗಲೂ ಒಳಬಾಗಿಲಿನಲ್ಲಿ ನಿಂತಿರುವ ಹಾಗೆ ನನಗೆ ಅನಿಸುತ್ತದೆ.

ಆಮೇಲೆ ಮೋಟಾರನ್ನು ಹಿಂದಕ್ಕೆ ನಡೆಸಿ ಒಳಬಾಗಿಲಿಗೆ ಹಚ್ಚಬೇಕಾಗಿತ್ತು. ಹೆಂಗಸರು ಅಂಗಳಕ್ಕೆ ಕಾಲಿಡದೆ ನೇರವಾಗಿ ಹತ್ತಬೇಕಲ್ಲ. ಎರಡೂ ಬದಿಗೆ ಜಮಖಾನ ಎತ್ತಿ ಹಿಡಿದಿದ್ದರು. ಒಂದು ತುದಿ ಮನೆಗೆಲಸದ ದುರಗವ್ವನ ಕೈಯಲ್ಲಿತ್ತು. ಹೆಂಗಸರು ಬಾಗಿಲಿನಲ್ಲಿ ನಿಂತಾಗ ಓಡಿಸುವವನು ಹಿಂದೆ ತಿರುಗುವ ಹಾಗಿಲ್ಲ. ನೀನು ಮುಖವನ್ನು ಮುಂದೆ ಇಟ್ಟುಕೊಂಡು ದುರಗವ್ವನ ಕೂಗಿನ ಮೇಲೆ ಗಾಡಿ ಬಿಡುತ್ತಿದ್ದೆ. "ಬರ್ರಿ, ಬರ್ರಿ, ಇನ್ನೊಂದೀಟು ಬರ್ರಿ" ಎಂದು ಅವಳು ಕೂಗುತ್ತಿದ್ದಳು. ಅವಳ ಕಣ್ಣು ಜಮಖಾನದ ಮೇಲಿತ್ತು, ಅದು ಎಲ್ಲಿ ಇಳಿದೀತೋ ಎಂದು. ರಾಚು ಅದರ ಕೆಳಗಿನಿಂದ ನುಸುಳಿ ಬಂದ. ಕಾಕಾನ ಪಕ್ಕದಲ್ಲಿ ಕೂತು ಭೋಂ ಎಂದು ಭೋಂಪು ಒತ್ತುತ್ತೇನೆ ಎಂದು ಬೆಳಗಿನಿಂದ ಹೇಳುತ್ತಿದ್ದ. ಬಲಗಡೆಯ ಹಿಂದಿನ ಗಾಲಿ. ಅವ್ವ ಎದ್ದು ನಿಂತಳು, ಉಡಿಯಲ್ಲಿದ್ದ ಕನ್ನಡಿ ಕಲ್ಲಿನ ಮೇಲೆ ಬಿತ್ತು. ನನಗೆ ಮೊದಲು ಕೇಳಿಸಿದ್ದು ಅದು ಒಡೆದ ಸದ್ದು. ಉಳಿದದ್ದನ್ನು ಬರೆಯುವುದಿಲ್ಲ. ನೀನೇ ಅವನನ್ನು ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕಿದೆ. ಮಣ್ಣು ಮಾಡಿ ಬಂದ ಮೇಲೆ ನಿನ್ನ ಅಣ್ಣ ನಿನಗೆ "ನಗಕೋತ ಬಿಚ್ಚಿ ಕೊಟ್ಟೆಲ್ಲೋ! ಇನ್ನ ನಿನ್ನ ಮಾರಿ ನನಗ ತೋರಿಸಬ್ಯಾಡ" ಎಂದರು. ನೀನು ಅಂಗಿಯನ್ನೂ ಬದಲಿಸದೆ ಹೋಗಿಬಿಟ್ಟೆ. ನಾನು ತಡೆಯಲಿಲ್ಲ. ಆಗ ನನಗೆ ಯಾರನ್ನೂ ತಡೆಯುವ ಶಕ್ತಿ ಇರಲಿಲ್ಲ.

ಈಗ ಹದಿನೈದು ದಿನಗಳ ಹಿಂದಿನ ಮಾತು. ಅವ್ವನನ್ನು ಬಾಗಲಕೋಟೆಗೆ ಕರೆದೊಯ್ಯಬೇಕೆಂದರೆ ಮೋಟಾರು ಬೇಕು. ಚಕ್ಕಡಿಯ ಕುಲುಕಾಟವನ್ನು ಅವಳ ಮೈ ತಡೆಯುವುದಿಲ್ಲ. ಮೋಟಾರು ಅಂದಿನಿಂದ ಕೊಟ್ಟಿಗೆಯ ಪಕ್ಕದಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತಿದೆ. ನಿನ್ನ ಅಣ್ಣ ಅದರ ಕಡೆ ಮುಖ ಕೂಡ ಹಾಕುವುದಿಲ್ಲ. ಹೊಲಕ್ಕೆ ಹೋಗುವಾಗಲೂ ಹಿತ್ತಲ ಬಾಗಿಲಿನಿಂದ ಹೋಗುತ್ತಾರೆ. ಮುರ್ತುಜಸಾಬನನ್ನು ಕರೆಸಿ ಹೇಳಿದೆ. ಅವನು ಬಾಗಿಲಿನ ಆಚೆ ನಿಂತು, ನೆಲ ನೋಡುತ್ತ, "ಬಗಲ ಕನ್ನಡಿ ಇಲ್ಲದ ಗಾಡೀನ ನಾ ಮುಟ್ಟಂಗಿಲ್ರಿ ಬಾಯಾರ. ಧಣ್ಯಾರು ಹೇಳಿದ್ರೂ ಮುಟ್ಟಂಗಿಲ್ಲ. ಕೆಲಸಾ ಬಿಡು ಅಂದ್ರ ಬಿಡ್ತೇನಿ" ಎಂದ. ಇಷ್ಟು ವರ್ಷಗಳಲ್ಲಿ ಅವನು ನನಗೆ ಇಲ್ಲ ಎಂದದ್ದು ಅದೇ ಮೊದಲು. ಹೊಸ ಕನ್ನಡಿ ಬೇಕೆಂದರೆ ಮುಂಬಯಿಗೆ ಬರೆಯಬೇಕು, ಅದು ಬರುವ ಹೊತ್ತಿಗೆ ಅವ್ವ ಇರುತ್ತಾಳೋ ಇಲ್ಲವೋ. ಹಳೆಯದರ ಗಾಜು ಹಿಡಿಯುವ ಹಿತ್ತಾಳೆಯ ಬಳೆಯೂ ಅದರ ತೋಳೂ ಉಗ್ರಾಣದಲ್ಲಿ ಬಿದ್ದಿದ್ದವು, ಗಾಜು ಮಾತ್ರ ಹೋಗಿತ್ತು. ಅದಕ್ಕೇ ಬೇರೆ ಗಾಜು ಕೂಡಿಸೋಣ ಎಂದೆ.

ಇಲ್ಲಿ ನಾನೊಂದು ಪೆದ್ದುತನ ಮಾಡಿದೆ, ನೀನಿದ್ದರೆ ವಾರಗಟ್ಟಲೆ ಕಾಡಿಸುತ್ತಿದ್ದೆ. ಗಾಜಿನ ಅಳತೆಗೆಂದು ಆ ಬಳೆಯನ್ನು ಕಾಗದದ ಮೇಲೆ ಇಟ್ಟು ಸುತ್ತಲೂ ಸೀಸದಕಡ್ಡಿಯಿಂದ ಗೆರೆ ಎಳೆದು, ಚೊಕ್ಕಟವಾಗಿ ಕತ್ತರಿಸಿ ಮುರ್ತುಜಸಾಬನ ಕೈಯಲ್ಲಿ ಇಲಕಲ್ಲಿಗೆ ಕಳಿಸಿದೆ. ಕಲ್ಲಿನ ಮೇಲೆ ಬಿದ್ದು ಬಳೆ ಸೊಟ್ಟಗಾಗಿತ್ತೆಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಯಾಕೂಬಸಾಬ ನಂಬಿಕೆಯಿಂದ ಹಾಗೆಯೇ ಕತ್ತರಿಸಿಕೊಟ್ಟ. ಆಗಲೇ ಅವನು ನಿನ್ನ ಸುದ್ದಿ ಹೇಳಿದ್ದು. ಇಲ್ಲಿ ಮುರ್ತುಜಸಾಬ ಬಳೆಯನ್ನು ಒರಳಿನ ಬಾಯಿಗೆ ಇಟ್ಟು ಒನಕೆಯಿಂದ ಮೆಲ್ಲಗೆ ಬಡಿದು ದುಂಡಗೆ ಮಾಡಿದ ಮೇಲೆ ನೋಡಿದರೆ ಗಾಜು ಮೊಟ್ಟೆಯ ಹಾಗಿದೆ, ಕೂಡುವುದೇ ಇಲ್ಲ. ದುರಗವ್ವ ನೋಡಿ "ಅವ್ವಾರ, ನಿಮ್ಮ ಇಂಗ್ಲೀಷ್ ಸಾಲ್ಯಾಗ ದುಂಡಗಿಂದು ಅಂದ್ರ ಹಿಂಗ ಇರತೈತೇನ್ರಿ?" ಎಂದಳು. ಶ್ರಾವಣದಿಂದ ಈಚೆಗೆ ಈ ಮನೆಯಲ್ಲಿ ನಗೆ ಬರುವಂಥ ಮಾತು ಅದೊಂದೇ. ಅಂದವಳೇ ಹೆದರಿ ಬಾಯಿ ಮುಚ್ಚಿಕೊಂಡಳು.

ಹೆಚ್ಚಾಗಿದ್ದ ಅಂಚನ್ನು ಉಸುಕು, ನೀರು ಹಾಕಿ ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಇಳಿಸಿದೆವು. ಒಂದು ಕಡೆ ಮುರ್ತುಜಸಾಬ, ಇನ್ನೊಂದು ಕಡೆ ನಾನು, ನಡುವೆ ಸಂಕೋಚಕ್ಕೆಂದು ಜೋಳ ಕೇರುವ ಒಂದು ಮರ ಅಡ್ಡ ಇಟ್ಟಿದ್ದೆವು; ಸ್ವಲ್ಪ ಹೊತ್ತಿನಲ್ಲಿ ಅದನ್ನೂ ಮರೆತು ಅದರಲ್ಲಿಯೇ ಇಕ್ಕಳ ಇಟ್ಟುಕೊಂಡೆವು. ಬಳೆಯ ಸಂದಿಯಲ್ಲಿ ಹಳೆಯ ಗಾಜಿನ ಚೂರುಗಳು ಸಿಕ್ಕಿಕೊಂಡಿದ್ದವು. ಅವನ್ನು ಒಂದೊಂದಾಗಿ ನಾನೇ ತೆಗೆದೆ. ಗಾಜು ಅಲುಗಬಾರದೆಂದು ಹಿಂದೆ ಕಂಬಳಿಯ ತುಂಡು ಇಟ್ಟು, ಕಮ್ಮಿಯಾದ ಕಡೆ ಅರಗು ಕಾಸಿ ತುಂಬಿ, ಅಂಚನ್ನು ಒತ್ತಿ ಮಡಿಚಿದೆವು. ತೋಳಿನ ತಿರುಪು ತುಕ್ಕು ಹಿಡಿದಿತ್ತು, ಗ್ಯಾಸಿನೆಣ್ಣೆ ಹಾಕಿ ಬಿಟ್ಟ ಮೇಲೆ ಸಡಿಲಾಯಿತು. ಮುಂದಿನ ಗಾಜಿನ ಬಲಗಡೆಯ ಕಂಬಕ್ಕೆ ಅದನ್ನು ಬಿಗಿಯುವಾಗ ಮುರ್ತುಜಸಾಬ ಎರಡು ಸಲ ತಿರುಪನ್ನು ಕೆಳಗೆ ಬೀಳಿಸಿದ. ತಿರುಪುಳಿಯನ್ನು ನಾನು ತೆಗೆದುಕೊಂಡೆ. ಕೈಯೆಲ್ಲ ಎಣ್ಣೆ, ಅರಗು. ಹೀಗೆ ಒಂದು ಕೆಲಸದಲ್ಲಿ ಪೂರ್ತಿಯಾಗಿ ಮುಳುಗಿ, ಒಂದು ಗಳಿಗೆ ನಾನು ಮಗನನ್ನು ಮರೆತಿದ್ದೆನೇನೋ. ಹಾಗೆ ಮರೆಯಬಹುದೇ ಎಂದು ಆಮೇಲೆ ಕೇಳಿಕೊಂಡೆ.

ಕನ್ನಡಿ ಕೂತ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನೋಡಿಯೇಬಿಡಬೇಕು ಎನಿಸಿತು. ಆಳುಗಳನ್ನು ಕರೆದು ಮೋಟಾರನ್ನು ಒಳಬಾಗಿಲಿನ ಮುಂದೆ, ಅಂದು ಇದ್ದಲ್ಲಿಗೇ ನೂಕಿಸಿ, ಅವರನ್ನು ಆಚೆ ಕಳಿಸಿದೆ. ಮುರ್ತುಜಸಾಬನಿಗೆ ನನ್ನ ಮನಸ್ಸು ತಿಳಿಯಿತು. ತನ್ನ ಸೊಂಟಕ್ಕೆ ಕೈ ಹಚ್ಚಿ "ಇಷ್ಟು ಬರ್ತಿದ್ರು ನಮ್ಮ ಸಣ್ಣ ಧಣಿ" ಎಂದು, ಒಂದು ಮಣೆಯ ಮೇಲೆ ಬುಟ್ಟಿ ಬೋರಲು ಹಾಕಿ, ಗಾಲಿಗೂ ಮೆಟ್ಟಿಲಿಗೂ ನಡುವೆ ಅಷ್ಟೇ ಎತ್ತರಕ್ಕೆ ಇಟ್ಟ. ನಾನು ನಿನ್ನ ಜಾಗದಲ್ಲಿ ಹತ್ತಿ ಕೂತೆ. ಆ ಜಾಗದಲ್ಲಿ ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಗಾಲಿಗಳ ಸದ್ದು ಕೇಳಿ ಅವ್ವ ಒಳಗಿನಿಂದ "ಯಾರದು? ಗಾಡಿ ಯಾಕ ಹೊರಗ ಬಂತು?" ಎಂದು ಕೂಗಿ, ದುರಗವ್ವನ ಭುಜ ಹಿಡಿದುಕೊಂಡು ಬಂದೇಬಿಟ್ಟಳು. ದುರಗವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವ್ವ ಮೋಟಾರಿನ ಬದಿಯನ್ನು ತಡವರಿಸುತ್ತ ನನ್ನ ಹತ್ತಿರ ಬಂದು ನಿಂತಳು. ಅವಳ ಕೈ ನನ್ನ ಮೊಣಕೈಯ ಮೇಲಿತ್ತು, ಕಡ್ಡಿಯಂತಾಗಿದೆ ಆ ಕೈ.

"ಸುಂದ್ರಾ, ಕಾಣತೈತೇನ?" ಎಂದು ಕೇಳಿದಳು. ನಾನು ಕನ್ನಡಿ ನೋಡಿದೆ, ಅವಳ ಮುಖ ನೋಡಿದೆ. "ಕಾಣಂಗಿಲ್ಲ ಅವ್ವಾ. ಗಾಲಿ ಅಡ್ಡ ಬರತೈತಿ. ದೂರದ ಹಾದಿ ಅಷ್ಟ ಕಾಣತೈತಿ" ಎಂದು ಹೇಳಿದೆ. ಅವಳು ಬಿಡಲಿಲ್ಲ. "ನೀ ಸಾಲಿ ಕಲತಾಕಿ. ನನ್ನ ಸಮಾಧಾನಕ್ಕ ಹೇಳಬ್ಯಾಡ. ರಾಚೂನ ಮ್ಯಾಲ ಆಣಿ ಮಾಡಿ ಹೇಳು" ಎಂದಳು. ಆಣೆ ಮಾಡಿ ಹೇಳಿದೆ. ಮುರ್ತುಜಸಾಬ ಕನ್ನಡಿಯ ಹತ್ತಿರ ಬಗ್ಗಿ ನೋಡಿ "ಹೌದ್ರಿ ಅವ್ವಾರ, ಅಲ್ಲಿತನಕಾ ಕನ್ನಡಿ ಮುಟ್ಟಂಗಿಲ್ರಿ" ಎಂದ. ಅವ್ವ ಅಲ್ಲಿಯೇ, ಆ ಮೆಟ್ಟಿಲಿನ ಮೇಲೆಯೇ ಕೂತು ಅತ್ತಳು. ಅಂದಿನಿಂದ ಅವಳು ಅತ್ತಿರಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಬಾಯಿಂದ ಮಾತಾಡುತ್ತಿದ್ದಳೇ ಹೊರತು ಕಣ್ಣಿನಲ್ಲಿ ನೀರು ಬಂದಿರಲಿಲ್ಲ. ನಾನು ಕೆಳಗಿಳಿದು ಪಕ್ಕದಲ್ಲಿ ಕೂತೆ. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಯಾರನ್ನೋ ಗದರಿಸುವವಳಂತೆ, "ಹಂಗಾರ ನನ್ನ ಮಗಾ ಯಾಕ ಊರು ಬಿಟ್ಟು ಕುಂತಾನ?" ಎಂದು ಕೇಳಿದಳು. ಆ ದಿನ ಒಂದು ಬಟ್ಟಲು ನುಚ್ಚು, ಮಜ್ಜಿಗೆ ಉಂಡಳು. ಮರುದಿನ ತಾನೇ ಕೇಳಿ ಹಾಕಿಸಿಕೊಂಡಳು. ಬಾಗಿಲಿನಲ್ಲಿ ಹೋಗಿಬರುವವರಿಗೆ ಈಗ ಆ ಮಾತು ಹೇಳುವುದಿಲ್ಲ.

ನಿನ್ನ ಅಣ್ಣನಿಗೆ ಅವ್ವನೇ ಹೇಳಿದಳು. ಅವರು ಊಟದ ನಡುವೆ ಕೈ ನಿಲ್ಲಿಸಿ "ಖರೆನ?" ಎಂದು ನನ್ನನ್ನು ಕೇಳಿದರು. ಹೌದೆಂದೆ. "ಕನ್ನಡಿ ಇದ್ರೂ ಹಿಂಗ ಆಗ್ತಿತ್ತೇನ ಹಂಗಾರ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಎದ್ದು ಕೈ ತೊಳೆದು, ಹೊರಗಿನ ಕಟ್ಟೆಗೆ ಹೋದರು. ಮೋಟಾರಿನ ಹತ್ತಿರ ಹೋಗಲಿಲ್ಲ, ಅದನ್ನು ನೋಡುವುದು ಅವರಿಂದ ಈಗಲೂ ಆಗುವುದಿಲ್ಲ. ಬಂದು ನನಗೆ ಹೇಳಿದ್ದು ಇಷ್ಟೇ: "ಅವಗ ಬಾ ಅಂತ ಬರಿ. ನಾ ಅಂದ ಮಾತು ಮರೀಲಿ ಅಂತ ಬರಿ. ನಾನ ಬರೀತಿದ್ದೆ, ಆದ್ರ ಆಗವಲ್ದು." ನಿನ್ನ ಅಣ್ಣನ ಸ್ವಭಾವ ನಿನಗೆ ಗೊತ್ತು. ಇದಕ್ಕಿಂತ ಹೆಚ್ಚಿಗೆ ಅವರ ಬಾಯಿಂದ ಬರುವುದಿಲ್ಲ.

ಅವ್ವ ನುಚ್ಚು ಉಣ್ಣುತ್ತಿದ್ದಾಳೆಂದರೂ ಮೈಯಲ್ಲಿ ಏನೂ ಉಳಿದಿಲ್ಲ. ದವಾಖಾನೆಗೆ ಒಯ್ಯಲೇಬೇಕು, ತಡ ಮಾಡುವಂತಿಲ್ಲ. ಗಾಡಿ ತಯಾರಿದೆ, ಮುರ್ತುಜಸಾಬನೂ ತಯಾರಿದ್ದಾನೆ, ಅವ್ವ ಮಾತ್ರ ಒಪ್ಪುವುದಿಲ್ಲ. "ಸಂಗ್ಯಾ ಬಂದು ಓಡಿಸಿದ್ರ ಕೂಡತೇನಿ. ಇಲ್ಲಾಂದ್ರ ನಾ ಇಲ್ಲೇ ಸಾಯ್ತೇನಿ, ನಿಮಗೂ ತ್ರಾಸ ತಪ್ಪತೈತಿ" ಎನ್ನುತ್ತಾಳೆ. ಇದು ಹಟ, ಹಳೆಯ ಅವ್ವನ ಹಟ, ಮರಳಿ ಬಂದದ್ದಕ್ಕೆ ನನಗೆ ಸಂತೋಷವೇ ಆಯಿತು. ಆ ಜಾಗದಲ್ಲಿ ಮತ್ತೆ ಕೂಡು ಎಂದು ನಿನಗೆ ಹೇಳುವುದು ಎಷ್ಟು ದೊಡ್ಡ ಮಾತೆಂದು ನನಗೆ ತಿಳಿಯುತ್ತದೆ. ಹೇಳುತ್ತಿರುವವಳು ಯಾರೆಂಬುದನ್ನು ನೀನೂ ಯೋಚಿಸು. ನಾನು ಈ ಮನೆಗೆ ಬಂದಾಗ ನೀನು ಸೆರಗು ಹಿಡಿದು ಓಡಾಡುವ ಕೂಸು. ರಾಚು ಹುಟ್ಟಿದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿಯವರೆಗೆ ನನಗೆ ಇದ್ದವನು ನೀನೊಬ್ಬನೇ. ಒಬ್ಬ ಹೋದ. ಇನ್ನೊಬ್ಬನನ್ನು ನೂಲಿನ ಅಂಗಡಿಯ ಕಟ್ಟೆಗೆ ಬಿಟ್ಟುಕೊಡಲು ನಾನು ತಯಾರಿಲ್ಲ. ಕಾಗದ ತಲುಪಿದ ದಿನವೇ ರೈಲು ಹತ್ತು. ಬಾಗಲಕೋಟೆ ಸ್ಟೇಷನ್ನಿಗೆ ಮುರ್ತುಜಸಾಬ ಬಂದಿರುತ್ತಾನೆ.

ಅವ್ವ ತನ್ನ ಕೈಯನ್ನು ನಿನ್ನ ತಲೆಯ ಮೇಲೆ ಇಟ್ಟಳೆಂದು ತಿಳಿದುಕೋ. ಹಾಗೆಯೇ ಬರೆ ಎಂದು ಪಕ್ಕದಲ್ಲಿ ಕೂತು ಹೇಳಿದ್ದಾಳೆ. ನಿನ್ನ ಅಣ್ಣನ ಆಶೀರ್ವಾದವೂ ಇದೆ. ದುರಗವ್ವ ಶರಣು ಹೇಳಿದ್ದಾಳೆ, ಹೇಳುತ್ತ ಅಳುತ್ತಿದ್ದಾಳೆ. ಹಾದಿಯುದ್ದಕ್ಕೂ ಸಂಗಮನಾಥ ನಿನ್ನ ಜೊತೆಗಿರಲಿ.

ನಿನ್ನ ವೈನಿ,
ಸುಂದರವ್ವ

ತಾ.ಕ. ಆ ಕಾಗದವನ್ನು ನಿನ್ನ ಅಣ್ಣ ಓದಿ ಕೊಟ್ಟಿದ್ದಾರೆ, ಅವ್ವನಿಗೂ ಓದಿ ಹೇಳಿದ್ದೇನೆ. ಈ ಚೀಟಿಯನ್ನು ಯಾರೂ ನೋಡಿಲ್ಲ. ಮುರ್ತುಜಸಾಬ ಟಪಾಲಿಗೆ ಹಾಕಲು ಹೊರಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಓದಿ ಹರಿದುಬಿಡು. ಸಂಗಣ್ಣಾ, ಕಾಣುತ್ತದೆ. ಬುಟ್ಟಿ ಪೂರ್ತಿಯಾಗಿ ಕಂಡಿತು, ಅದರ ಕೆಳಗಿನ ಮಣೆಯೂ ಕಂಡಿತು. ಮುರ್ತುಜಸಾಬನಿಗೂ ಕಂಡಿತು, ಅವ್ವ ಅಳುತ್ತಿದ್ದಾಗ ಅವನು ಹೆಬ್ಬೆಟ್ಟಿನಿಂದ ಕನ್ನಡಿಯನ್ನು ಹೊರಗೆ ತಿರುಗಿಸಿಬಿಟ್ಟ. ನಾನು ಮಗನ ಮೇಲೆ ಸುಳ್ಳು ಆಣೆ ಮಾಡಿದೆ. ಹಾಗೆ ಮಾಡಬಹುದಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವನ ಕೈ ನನ್ನ ಮೊಣಕೈಯ ಮೇಲಿತ್ತು, ಅಷ್ಟು ಗೊತ್ತು. ನಿನಗೂ ಸುಳ್ಳನ್ನೇ ಹೇಳಿಬಿಡುತ್ತಿದ್ದೆನೇನೋ. ಆದರೆ ನೀನು ಬಂದು ಆ ಜಾಗದಲ್ಲಿ ಕೂತರೆ ನಿನ್ನ ಕಣ್ಣಿಗೇ ಗೊತ್ತಾಗುತ್ತದೆ, ಆಗ ಅವ್ವನ ಎದುರಿಗೆ ನಿನ್ನ ಮುಖ ಏನು ಹೇಳೀತೋ ಎಂದು ಹೆದರಿಕೆ. ಆದ್ದರಿಂದ ಈಗಲೇ ತಿಳಿದುಕೊಂಡು ಬಾ. ಕನ್ನಡಿ ಇದ್ದಿದ್ದರೆ ನೀನು ಅವನನ್ನು ನೋಡುತ್ತಿದ್ದೆ, ಗಾಡಿ ನಿಲ್ಲಿಸುತ್ತಿದ್ದೆ. ನಿನ್ನ ಕಣ್ಣಿನದಾಗಲಿ ಕೈಯದಾಗಲಿ ತಪ್ಪಿರಲಿಲ್ಲ. ಅವ್ವನ ಮಾತಿಗೆ ಬಿಚ್ಚಿ ಕೊಟ್ಟೆ, ನಾವೆಲ್ಲರೂ ನಕ್ಕೆವು. ಇದಕ್ಕಿಂತ ಹೆಚ್ಚಿನ ಸಮಾಧಾನ ನನ್ನ ಹತ್ತಿರ ಇಲ್ಲ. ಅವ್ವ ಕೇಳಿದರೆ ಕಾಣುವುದಿಲ್ಲ ಎಂದು ಹೇಳು, ಅಣ್ಣ ಕೇಳಿದರೂ ಹಾಗೆಯೇ ಹೇಳು. ಮುಂದೆ ಎಂದಾದರೂ ನಾನೇ ಬಂದು ಕೇಳಿದರೆ, ನನಗೂ ಕಾಣುವುದಿಲ್ಲ ಎಂದೇ ಹೇಳು.